ಪುಟ್ಟ ಕೈಗೆ ಯಾವ ಪುಸ್ತಕ?

ಒಂದು ತಪ್ಪೊಪ್ಪಿಗೆಯಿಂದಲೇ ಮಾತು ಆರಂಭಿಸುತ್ತೇನೆ. ಇಪ್ಪತ್ತು ವರ್ಷಗಳಿಂದ ಊರಿನ ಮಕ್ಕಳಿಗೆ ಅಕ್ಷರ ಕಲಿಸುತ್ತಾ ಬಂದವಳು ನಾನು. ಬೆಳಿಗ್ಗೆ ಅರಬಿ, ಆಮೇಲೆ ಕನ್ನಡ. ಹಾಗಿದ್ದೂ ನನ್ನ ಹಿರಿಯ ಮಗಳಿಗೆ ಪುಸ್ತಕವೆಂದರೆ ಬೇಸರ ಹುಟ್ಟಿಸಿದವಳು ಬೇರಾರೂ ಅಲ್ಲ, ನಾನೇ.

2010ರ ಮಾತು. ಅವಳಾಗ ಎರಡನೇ ತರಗತಿಯಲ್ಲಿದ್ದಳು. ಒಂದು ಸಮ್ಮೇಳನದ ಪುಸ್ತಕ ಮಳಿಗೆಯಲ್ಲಿ ಪ್ರವಾದಿಗಳ ಚರಿತ್ರೆಯ ದಪ್ಪ ಪುಸ್ತಕವೊಂದು ನನ್ನ ಕಣ್ಣಿಗೆ ಬಿತ್ತು. ಗಟ್ಟಿ ರಟ್ಟು, ಮೇಲೆ ಬಂಗಾರದ ಬಣ್ಣದ ಅಕ್ಷರಗಳು, ಒಳಗೆ ಇನ್ನೂರಕ್ಕೂ ಹೆಚ್ಚು ಪುಟ. 'ಮಕ್ಕಳಿಗಾಗಿ' ಎಂದು ಬರೆದಿತ್ತು. ನಾನು ಎರಡನೇ ಯೋಚನೆ ಮಾಡದೆ ಕೊಂಡೆ. ದಿನವೂ ಮಗ್ರಿಬ್ ನಮಾಝ್ ಆದ ಮೇಲೆ ಒಂದು ಪುಟ. ಮೊದಲು ನಾನು ಓದಿ ತೋರಿಸುವುದು, ಆಮೇಲೆ ಅವಳು ಓದುವುದು. ಎರಡು ತಿಂಗಳಲ್ಲಿ ಅವಳು ಗಳಗಳನೆ ಓದತೊಡಗಿದಳು. ಮನೆಗೆ ಬಂದವರ ಮುಂದೆಲ್ಲಾ ಅವಳನ್ನು ಓದಿಸಿ ನಾನು ಹಿಗ್ಗುತ್ತಿದ್ದೆ.

ಒಂದು ಸಂಜೆ ನನ್ನ ನಾದಿನಿ ಬಂದಿದ್ದರು. ಮಗಳು ಎಂದಿನಂತೆ ಓದುತ್ತಿದ್ದಳು. ಫ್ಯಾನಿನ ಗಾಳಿಗೆ ಪುಟ ಮಗುಚಿಕೊಂಡಿತು. ಅವಳು ಅದನ್ನು ಗಮನಿಸಲೇ ಇಲ್ಲ. ಓದುತ್ತಲೇ ಇದ್ದಳು. ಕಣ್ಣ ಮುಂದೆ ಹೊಸ ಪುಟ, ಬಾಯಲ್ಲಿ ಹಳೆಯ ಪುಟ! ನಾದಿನಿ ನಕ್ಕುಬಿಟ್ಟರು. ನನಗೆ ಮುಖಕ್ಕೆ ಹೊಡೆದಂತಾಯಿತು. "ಇಷ್ಟು ದಿನ ನನಗೆ ಸುಳ್ಳು ಓದಿ ತೋರಿಸಿದೆಯಾ?" ಎಂದು ಎಲ್ಲರೆದುರು ಗದರಿದೆ. ಅವಳು ಅಳುತ್ತಾ ಒಳಗೆ ಹೋದಳು. ಆ ಪುಸ್ತಕವನ್ನು ಅವಳು ಮತ್ತೆ ಮುಟ್ಟಲಿಲ್ಲ. ಶಾಲೆಯ ಪಠ್ಯ ಬಿಟ್ಟರೆ ಬೇರೆ ಪುಸ್ತಕಗಳನ್ನೂ ಮುಟ್ಟಲಿಲ್ಲ.

ಅವಳು ಸುಳ್ಳು ಹೇಳಿರಲಿಲ್ಲ ಎಂಬುದು ನನಗೆ ಹೊಳೆಯಲು ವರ್ಷಗಳೇ ಬೇಕಾದವು. ಓದಲಾಗದ ಪುಸ್ತಕವನ್ನು ಕೈಗೆ ಕೊಟ್ಟು ಓದು ಎಂದರೆ ಏಳು ವರ್ಷದ ಮಗು ಏನು ಮಾಡಬೇಕು? ತನಗೆ ತಿಳಿದಿದ್ದ ದಾರಿಯನ್ನು ಅವಳು ಹಿಡಿದಳು. ಕೇಳಿಸಿಕೊಂಡಳು, ಬಾಯಿಪಾಠ ಮಾಡಿದಳು, ಒಪ್ಪಿಸಿದಳು. ಮದ್ರಸದಲ್ಲಿ ಹಾಗೆ ಮಾಡಿದರೆ ಉಸ್ತಾದರು ತಲೆ ಸವರುತ್ತಿದ್ದರು. ಇಲ್ಲಿ ಬೈಗುಳ ಸಿಕ್ಕಿತು.

ಬಾಯಿಪಾಠವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಕುರ್‌ಆನ್ ನಮ್ಮ ಹೃದಯಗಳಲ್ಲಿ ಉಳಿದಿರುವುದೇ ಕಂಠಪಾಠದಿಂದ. ಆದರೆ ಕಂಠಪಾಠ ಬೇರೆ, ಓದು ಬೇರೆ. ಇವೆರಡೂ ನಮ್ಮ ಮನೆಗಳಲ್ಲಿ ಎಷ್ಟು ಬೆರೆತುಹೋಗಿವೆಯೆಂದರೆ, ಮಗು ಯಾವುದನ್ನು ಮಾಡುತ್ತಿದೆ ಎಂದು ತಾಯಿಗೇ ತಿಳಿಯುವುದಿಲ್ಲ.

ನಮ್ಮ ಕರಾವಳಿಯ ಬ್ಯಾರಿ ಮಗುವಿನ ಸ್ಥಿತಿಯನ್ನೊಮ್ಮೆ ನೋಡಿ. ಮನೆಯಲ್ಲಿ ಬ್ಯಾರಿ ಭಾಷೆ. ಮದ್ರಸದಲ್ಲಿ ಬಲದಿಂದ ಎಡಕ್ಕೆ ಹೋಗುವ ಅರಬಿ ಅಕ್ಷರ. ನನ್ನ ಕಾಲದಲ್ಲಿ ಅದರ ಜೊತೆಗೆ ಅರಬಿ-ಮಲಯಾಳಂ. ಶಾಲೆಯಲ್ಲಿ ಎಡದಿಂದ ಬಲಕ್ಕೆ ಹೋಗುವ ಕನ್ನಡ, ಅದರ ಬೆನ್ನಿಗೇ ಇಂಗ್ಲಿಷ್. ಆರೇಳು ವರ್ಷದ ಮಗುವಿನ ಕಣ್ಣು ಬೆಳಿಗ್ಗೆ ಒಂದು ದಿಕ್ಕಿಗೆ ಓಡಿ, ಹತ್ತು ಗಂಟೆಯ ನಂತರ ಇನ್ನೊಂದು ದಿಕ್ಕಿಗೆ ಓಡಬೇಕು. ಮಕ್ಕಳು ಇದನ್ನು ಕಲಿಯುತ್ತಾರೆ, ಅವರು ನಾವಂದುಕೊಂಡದ್ದಕ್ಕಿಂತ ಗಟ್ಟಿಗರು. ಆದರೆ ಮನೆಮಾತಿನಲ್ಲಿಲ್ಲದ ಭಾಷೆಯನ್ನು ಓದುವ ಮಗುವಿಗೆ ಪುಸ್ತಕ ಆರಿಸುವಾಗ ಒಂದು ಹೆಜ್ಜೆ ಹಿಂದಿನಿಂದ ಹೊರಡಬೇಕು. ಉರ್ದು ಮಾತಾಡುವ ಮನೆಗಳಿಗೂ ಈ ಮಾತು ಸಲ್ಲುತ್ತದೆ.

ನಾನು ಸ್ವತಃ ಓದಲು ಕಲಿತದ್ದು ಹೇಗೆ ಎಂದು ನೆನಪಿಸಿಕೊಂಡಾಗ ಉತ್ತರ ಸಿಕ್ಕಿದ್ದು ಅರಬಿ ತರಗತಿಯಲ್ಲಿ. ಮೌಲಾನಾ ಅಬುಲ್ ಹಸನ್ ಅಲೀ ನದ್ವಿ(ರ)ಯವರ 'ಕಸಸುನ್ನಬಿಯ್ಯೀನ್' ನಮಗೆ ಪಾಠವಾಗಿತ್ತು. 1940ರ ದಶಕದಲ್ಲಿ ಅವರು ತಮ್ಮ ಅಣ್ಣನ ಮಗನಿಗಾಗಿ, ಅರಬಿ ಮನೆಮಾತಲ್ಲದ ನಮ್ಮ ದೇಶದ ಮಕ್ಕಳಿಗಾಗಿ ಬರೆದ ಪುಸ್ತಕವದು. ದೊಡ್ಡ ವಿದ್ವಾಂಸರು, ಆದರೆ ಆ ಪುಸ್ತಕದಲ್ಲಿ ತಮ್ಮ ಪಾಂಡಿತ್ಯವನ್ನು ಎಷ್ಟು ಅಡಗಿಸಿಟ್ಟಿದ್ದಾರೆ! ನಾಲ್ಕೈದು ಪದಗಳ ವಾಕ್ಯಗಳು. ಒಂದು ಪದ ಬಂದರೆ ಅದೇ ಪುಟದಲ್ಲಿ ಮತ್ತೆ ಮತ್ತೆ ಬರುತ್ತದೆ. ಚಿಕ್ಕ ಚಿಕ್ಕ ಅಧ್ಯಾಯಗಳು. ಮೊದಲ ಭಾಗದಲ್ಲಿ ಪ್ರವಾದಿ ಇಬ್ರಾಹೀಮ್(ಅ)ರ ಕಥೆ ಓದುತ್ತಾ, ಮುಂದಿನ ವಾಕ್ಯ ಉಸ್ತಾದರು ಹೇಳುವ ಮೊದಲೇ ನನಗೆ ಅರ್ಥವಾಗಿಬಿಟ್ಟಿತು. ಹದಿಮೂರು ವರ್ಷದ ಹುಡುಗಿಗೆ ಆದ ಆ ಸಂತೋಷವನ್ನು ಹೇಗೆ ಹೇಳಲಿ? ಯಾರೂ ಹೇಳಿಕೊಡದೆ ಒಂದು ಸಾಲು ತಾನಾಗಿ ತೆರೆದುಕೊಂಡಿತ್ತು.

ನನ್ನ ಮಗಳಿಗೆ ನಾನು ಕೊಟ್ಟ ಪುಸ್ತಕದಲ್ಲೂ ಅದೇ ಪ್ರವಾದಿಗಳ ಕಥೆಗಳಿದ್ದವು. ವಿಷಯ ಒಂದೇ, ಆದರೆ ವಾಕ್ಯಗಳು ಮೂರು ಮೂರು ಸಾಲು. 'ಅನುಗ್ರಹಿಸಲ್ಪಟ್ಟ', 'ಧಿಕ್ಕರಿಸಿದವರಾಗಿದ್ದರು', 'ದೌರ್ಜನ್ಯಕ್ಕೊಳಗಾಗಿ' ಇಂತಹ ಪದಗಳು. ದೊಡ್ಡವರ ಪುಸ್ತಕವನ್ನು ಅನುವಾದಿಸಿ, ಮುಖಪುಟಕ್ಕೆ ಒಂದು ಒಂಟೆಯ ಚಿತ್ರ ಹಾಕಿದರೆ ಅದು ಮಕ್ಕಳ ಪುಸ್ತಕವಾಗುವುದಿಲ್ಲ. ನಮ್ಮ ಧಾರ್ಮಿಕ ಸಾಹಿತ್ಯ ಪ್ರಕಟಿಸುವವರ ಬಗ್ಗೆ ನನಗೆ ಗೌರವವಿದೆ. ಆದರೂ ಈ ಮಾತನ್ನು ನಾವು ತಾಯಂದಿರು ಹೇಳದಿದ್ದರೆ ಇನ್ನಾರು ಹೇಳುವುದು? ಕುರ್‌ಆನಿನ ಮೊದಲ ಆದೇಶವೇ ಓದಿನ ಕುರಿತಾದುದು ಎಂದು ಪ್ರತಿ ಭಾಷಣದಲ್ಲೂ ಕೇಳುತ್ತೇವೆ. ಮಗುವಿಗೆ ಓದಲು ಸಾಧ್ಯವಾಗುವ ಪುಸ್ತಕ ಕೊಟ್ಟಿದ್ದೇವೆಯೇ ಎಂದು ಕೇಳುವವರು ಕಡಿಮೆ.

ಈಗ ಕನ್ನಡದ ಪುಟವನ್ನು ಮಗುವಿನ ಕಣ್ಣಿನಿಂದ ನೋಡೋಣ. ಅಆಇಈ ಮುಗಿಸಿ ಕಾಗುಣಿತ ಬಂದ ಕೂಡಲೇ ಓದು ಬಂತು ಎಂದು ನಾವು ತಿಳಿಯುತ್ತೇವೆ. ಕಷ್ಟ ಆರಂಭವಾಗುವುದೇ ಆಮೇಲೆ. ಒತ್ತಕ್ಷರಗಳು ಬರುತ್ತವೆ. 'ಬೆಕ್ಕು', 'ಹಣ್ಣು', 'ಅಕ್ಕ' ಇವುಗಳನ್ನು ಮಗು ಸುಲಭವಾಗಿ ಓದುತ್ತದೆ. ಏಕೆಂದರೆ ಅದೇ ಅಕ್ಷರದ ಕೆಳಗೆ ಅದರದ್ದೇ ಒತ್ತು, ಜೊತೆಗೆ ಪದವೂ ಪರಿಚಿತ. ಆದರೆ ತ, ನ, ಮ, ಯ, ರ, ಲ ಈ ಆರು ಅಕ್ಷರಗಳ ಒತ್ತು ಮೂಲ ಅಕ್ಷರವನ್ನು ಹೋಲುವುದೇ ಇಲ್ಲ. 'ಅಮ್ಮ' ಎಂಬುದನ್ನು ಮಗು ಓದುವುದು ಒತ್ತು ಗೊತ್ತಿದ್ದು ಅಲ್ಲ, ಪದ ಗೊತ್ತಿದ್ದು. ಅದೇ ಒತ್ತು 'ಆತ್ಮ' ಎಂಬಲ್ಲಿ ಬಂದರೆ ನಿಲ್ಲುತ್ತದೆ. ಇನ್ನು ಅರ್ಕಾವೊತ್ತು! 'ಸೂರ್ಯ' ಎನ್ನುವಾಗ ರಕಾರ ಬಾಯಲ್ಲಿ ಮೊದಲು ಬರುತ್ತದೆ, ಬರಹದಲ್ಲಿ 'ಯ' ಆದ ಮೇಲೆ ಬರುತ್ತದೆ. ನನ್ನ ತರಗತಿಯಲ್ಲಿ ಎಷ್ಟು ಮಕ್ಕಳು 'ಸೂಯ್ರ' ಎಂದು ಓದಿದ್ದಾರೋ ಲೆಕ್ಕವಿಲ್ಲ. ಅವರು ದಡ್ಡರಲ್ಲ. ಕಣ್ಣಿಗೆ ಕಂಡದ್ದನ್ನು ಕಂಡ ಕ್ರಮದಲ್ಲೇ ಓದಿದ್ದಾರೆ ಅಷ್ಟೆ.

ನಮ್ಮ ರಾಜ್ಯದ ಸರಕಾರಿ ಶಾಲೆಗಳ ನಲಿ-ಕಲಿ ತರಗತಿಗಳಲ್ಲಿ ವರ್ಣಮಾಲೆಯ ಕ್ರಮದಲ್ಲಿ ಅಕ್ಷರ ಕಲಿಸುವುದಿಲ್ಲ ಎಂಬುದು ನಿಮಗೆ ಗೊತ್ತಿರಬಹುದು. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭವಾದ ಪದ್ಧತಿಯದು. ಅಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಈ ಐದೇ ಅಕ್ಷರಗಳಿಂದ ಸರ, ದರ, ಅಗಸ, ಅರಸ, ಗರಗಸ ಎಲ್ಲವನ್ನೂ ಓದಬಹುದು. ಮೊದಲ ವಾರವೇ ಮಗು 'ನಾನು ಓದಿದೆ' ಎನ್ನುತ್ತದೆ. ನನಗೆ ಈ ಉಪಾಯ ತುಂಬಾ ಹಿಡಿಸಿತು. ಮನೆಗೆ ತರುವ ಪುಸ್ತಕವೂ ಇದೇ ಲೆಕ್ಕದಲ್ಲಿರಬೇಕು. ಮಗುವಿಗೆ ಗೊತ್ತಿರುವುದು ಹೆಚ್ಚು, ಗೊತ್ತಿಲ್ಲದ್ದು ಸ್ವಲ್ಪ.

ಅಂಗಡಿಯಲ್ಲಿ ಅದನ್ನು ತಿಳಿಯುವುದು ಹೇಗೆ? ಬೆರಳಿನ ಲೆಕ್ಕವೊಂದಿದೆ, ಅಧ್ಯಾಪಕರು ಬಳಸುವಂತಹದ್ದು. ಪುಸ್ತಕದ ನಡುವಿನ ಒಂದು ಪುಟ ತೆರೆದು ಮಗುವಿನಿಂದಲೇ ಓದಿಸಬೇಕು. ತಡವರಿಸಿದಲ್ಲೆಲ್ಲ ಒಂದು ಬೆರಳು ಮಡಚಬೇಕು. ಐದೂ ಬೆರಳು ಮಡಚಿಹೋದರೆ ಆ ಪುಸ್ತಕ ಅದಕ್ಕೆ ಈಗ ಭಾರ. ಒಂದು ಬೆರಳೂ ಮಡಚದಿದ್ದರೆ ತೀರಾ ಹಗುರ. ಎರಡು ಮೂರು ಬೆರಳು ಮಡಚಿದರೆ ಅದು ಅಳತೆಗೆ ಸರಿಯಾದುದು. ಆದರೆ ಕನ್ನಡಕ್ಕೆ ಒಂದು ತಿದ್ದುಪಡಿ ಬೇಕು ಎಂಬುದು ನನ್ನ ಅನುಭವ. ನಮ್ಮ ಪದಗಳು ಒಂದಕ್ಕೊಂದು ಅಂಟಿಕೊಂಡು ರೈಲಿನಂತೆ ಉದ್ದವಾಗುತ್ತವೆ. 'ಹೋಗಬೇಕಾಗಿದ್ದರಿಂದ' ಎಂಬುದು ಲೆಕ್ಕಕ್ಕೆ ಒಂದೇ ಪದ, ಮಗುವಿಗೆ ಮಾತ್ರ ಅದು ನಾಲ್ಕು ಪದ. ಹಾಗಾಗಿ ಪುಟದಲ್ಲಿ ಪದ ಕಡಿಮೆಯಿದೆ ಎಂದು ಮೋಸಹೋಗಬೇಡಿ. ಸಾಲಿನ ಕೊನೆಯಲ್ಲಿ ಪದ ತುಂಡಾಗಿ ಮುಂದಿನ ಸಾಲಿಗೆ ಹೋಗಿದೆಯೇ ಎಂದೂ ನೋಡಿ. ಚಿಕ್ಕ ಮಕ್ಕಳ ಪುಸ್ತಕದಲ್ಲಿ ಹಾಗೆ ತುಂಡು ಮಾಡಿದ್ದರೆ ನಾನು ಆ ಪುಸ್ತಕವನ್ನು ವಾಪಸು ಇಡುತ್ತೇನೆ, ಬೆಲೆ ಎಷ್ಟೇ ಕಡಿಮೆಯಿರಲಿ. ಒತ್ತಕ್ಷರ ಪಕ್ಕದ ಸಾಲಿಗೆ ತಾಗುವಷ್ಟು ಒತ್ತೊತ್ತಾಗಿ ಅಚ್ಚು ಹಾಕಿದ್ದನ್ನೂ ತೆಗೆದುಕೊಳ್ಳುವುದಿಲ್ಲ.

ಚಿತ್ರಗಳ ಬಗ್ಗೆ ಕೆಲವು ಸಹೋದರಿಯರು ನನ್ನಲ್ಲಿ ಕೇಳುವುದಿದೆ. ಪ್ರವಾದಿಗಳ ಚಿತ್ರ ಬರೆಯುವುದು ಸಲ್ಲದು, ಅದರಲ್ಲಿ ಎರಡು ಮಾತಿಲ್ಲ. ಆದರೆ ನೂಹ್(ಅ)ರ ಹಡಗನ್ನು, ಸುಲೈಮಾನ್(ಅ)ರ ಕಥೆಯ ಇರುವೆ ಸಾಲನ್ನು, ಯೂಸುಫ್(ಅ)ರನ್ನು ಎಸೆದ ಬಾವಿಯನ್ನು ಚಿತ್ರದಲ್ಲಿ ಕಂಡ ಮಗು ಪಕ್ಕದ ಪದವನ್ನು ಊಹಿಸಿ ಓದುತ್ತದೆ. ಊಹಿಸಿ ಓದುವುದು ತಪ್ಪಲ್ಲ, ಅದು ಓದಿನ ಮೊದಲ ಮೆಟ್ಟಿಲು. ಊಹೆ ಸರಿಯೇ ಎಂದು ಅಕ್ಷರದ ಮೇಲೆ ಬೆರಳಿಟ್ಟು ನೋಡುವುದು ಎರಡನೆಯ ಮೆಟ್ಟಿಲು. ನಮ್ಮ ಜಿಲ್ಲೆಯವರೇ ಆದ ಪಂಜೆ ಮಂಗೇಶರಾಯರು (1874–1937) ಸ್ವತಃ ಅಧ್ಯಾಪಕರು, ಶಾಲಾ ತನಿಖಾಧಿಕಾರಿಯೂ ಆಗಿದ್ದವರು. ಅವರು ಮಕ್ಕಳಿಗೆ ಬರೆದ ಪದ್ಯಗಳಲ್ಲಿ ಪ್ರಾಸವೇ ಮುಂದಿನ ಪದವನ್ನು ಹೇಳಿಕೊಡುತ್ತದೆ. ಆದ್ದರಿಂದಲೇ ಆರಂಭದಲ್ಲಿ ಗದ್ಯಕ್ಕಿಂತ ಪದ್ಯ ಮಕ್ಕಳಿಗೆ ಬೇಗ ಒಲಿಯುತ್ತದೆ.

ಇಷ್ಟೆಲ್ಲಾ ನನಗೆ ತಿಳಿದದ್ದು ಬಿ.ಎ. ಪುಸ್ತಕಗಳಿಂದಲ್ಲ. ಮದುವೆಯಾಗಿ ಎರಡು ಮಕ್ಕಳಾದ ಮೇಲೆ ದೂರಶಿಕ್ಷಣದಲ್ಲಿ ಬಿ.ಎ. ಮಾಡಿದೆ, ಅದರಿಂದ ಪ್ರಯೋಜನವಾಯಿತು, ಇಲ್ಲವೆನ್ನುವುದಿಲ್ಲ. ಆದರೆ ಪುಸ್ತಕ ಆರಿಸುವುದನ್ನು ನನಗೆ ಕಲಿಸಿದವರು ನನ್ನ ಉಮ್ಮ. ಅವರಿಗೆ ಕನ್ನಡದ ಒಂದಕ್ಷರವೂ ಬಾರದು.

ಉಮ್ಮ ಅರಬಿ-ಮಲಯಾಳಂ ಚೆನ್ನಾಗಿ ಓದುತ್ತಿದ್ದರು. 1607ರಲ್ಲಿ ಕೋಝಿಕ್ಕೋಡಿನ ಖಾಝಿ ಮುಹಮ್ಮದರು ರಚಿಸಿದ ಮುಹ್ಯಿದ್ದೀನ್ ಮಾಲೆಯನ್ನು ರಾಗವಾಗಿ ಹಾಡುತ್ತಿದ್ದರು. (ಮಾಲೆಗಳ ವಿಷಯದಲ್ಲಿ ಭಿನ್ನಾಭಿಪ್ರಾಯ ಇರುವುದು ನನಗೂ ಗೊತ್ತು, ಆ ಚರ್ಚೆ ಇಲ್ಲಿ ಬೇಡ.) ಹಾಗಿದ್ದೂ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದರು. ಜನಗಣತಿಗೆ ಬಂದವರು ಕೇಳಿದಾಗ 'ಓದು ಬರುವುದಿಲ್ಲ' ಎಂದು ತಾವೇ ಹೇಳುತ್ತಿದ್ದರು. ಓದುವ ಹೆಣ್ಣೊಬ್ಬಳು ಜೀವನವಿಡೀ ತನ್ನನ್ನು ಅನಕ್ಷರಸ್ಥೆ ಎಂದುಕೊಂಡಳು. ಅದನ್ನು ನೆನೆದರೆ ಈಗಲೂ ಮನಸ್ಸು ಭಾರವಾಗುತ್ತದೆ.

2020ರ ಮಾರ್ಚ್‌ನಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದಾಗ ನನ್ನ ಕಿರಿಯ ಮಗ ಎರಡನೇ ತರಗತಿಯಲ್ಲಿದ್ದ. ಇಂಗ್ಲಿಷ್ ಮಾಧ್ಯಮ. ಕನ್ನಡ ಅಕ್ಷರ ಗೊತ್ತು, ಓದು ಇಲ್ಲ. ಅಕ್ಕನ ವಿಷಯದಲ್ಲಿ ಕೈ ಸುಟ್ಟುಕೊಂಡ ನಾನು ಈ ಬಾರಿ ಹೆದರಿದ್ದೆ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಿಂದ 'ಸ್ಟೋರಿವೀವರ್' ಎಂಬ ಹೆಸರಿನಲ್ಲಿ ಮೊಬೈಲಿನಲ್ಲೇ ಉಚಿತವಾಗಿ ಓದಬಹುದಾದ ಮಕ್ಕಳ ಕಥೆಗಳನ್ನು ನೀಡುತ್ತಿದ್ದಾರೆ. ಕನ್ನಡದಲ್ಲೂ ಇವೆ, ಉರ್ದುವಿನಲ್ಲೂ ಇವೆ. ಅಲ್ಲಿ ಪುಸ್ತಕಗಳನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದ್ದಾರೆ. ಮೊದಲ ಹಂತದ ಪುಸ್ತಕದಲ್ಲಿ 250 ಪದ ದಾಟುವುದಿಲ್ಲ, ಎರಡನೆಯದರಲ್ಲಿ 600, ಮೂರನೆಯದರಲ್ಲಿ 1500ರವರೆಗೆ, ನಾಲ್ಕನೆಯದು ಅದಕ್ಕೂ ಮೇಲೆ. ತರಗತಿ ನೋಡಿ ಹಂತ ಆರಿಸಬೇಡಿ. ನನ್ನ ಮಗನಿಗೆ ಮೊದಲ ಹಂತದ್ದನ್ನೇ ಕೊಟ್ಟೆ. ಪುಟಕ್ಕೊಂದು ಎರಡು ವಾಕ್ಯ. ನೆರೆಮನೆಯಾಕೆ ನೋಡಿ, "ಇದು ಅಂಗನವಾಡಿಯ ಮಕ್ಕಳದ್ದಲ್ಲವೇ ಟೀಚರ್?" ಎಂದರು. ನಾನು ಸುಮ್ಮನಿದ್ದೆ.

ನನಗೆ ಅಡುಗೆ ಮನೆಯ ಕೆಲಸ, ಆನ್‌ಲೈನ್ ಪಾಠದ ಗಲಾಟೆ. ಹಾಗಾಗಿ "ಅಜ್ಜಿಗೆ ಓದಿ ಹೇಳು" ಎಂದು ಅವನನ್ನು ಉಮ್ಮನ ಬಳಿ ಕಳುಹಿಸುತ್ತಿದ್ದೆ. ಉಮ್ಮ ವೀಳ್ಯದೆಲೆ ಮಡಚುತ್ತಾ ಕೇಳುತ್ತಿದ್ದರು. ಅವನು ಕನ್ನಡದಲ್ಲಿ ಒಂದು ಪುಟ ಓದುತ್ತಾನೆ. ಉಮ್ಮ ತಲೆ ಎತ್ತಿ, "ಹಾಗೆಂದರೇನು?" ಎನ್ನುತ್ತಾರೆ. ಅವನು ಅದನ್ನು ಬ್ಯಾರಿಯಲ್ಲಿ ಹೇಳಬೇಕು. ಹೇಳಲಾಗದಿದ್ದರೆ ಪುಟಕ್ಕೆ ಮರಳಿ ಮತ್ತೆ ಓದಬೇಕು. ಒಮ್ಮೆ ನರಿಯ ಕಥೆಯೊಂದರಲ್ಲಿ ಉಮ್ಮ, "ನರಿಗೆ ಹಸಿವಾದದ್ದಕ್ಕೆ ಅಲ್ಲಿಗೆ ಹೋಯಿತಾ, ಅಲ್ಲ ಆಸೆಯಾದದ್ದಕ್ಕಾ?" ಎಂದು ಕೇಳಿದರು. ಅವನು ಎರಡು ಪುಟ ಹಿಂದಕ್ಕೆ ಹೋಗಿ ಹುಡುಕಿದ. ಹದಿನೈದು ವರ್ಷ ಪಾಠ ಮಾಡಿದ ನಾನು ಬಾಗಿಲಲ್ಲಿ ನಿಂತು ಅದನ್ನು ನೋಡಿದೆ. ಕಂಠಪಾಠ ಮಾಡಿ ಈ ಪ್ರಶ್ನೆಯಿಂದ ಪಾರಾಗಲು ಆಗುವುದಿಲ್ಲ. ಕೇಳುವವರಿಗೆ ನಿಜವಾಗಿಯೂ ಕಥೆ ಗೊತ್ತಿರಬಾರದು. ನಾನು ಮಗಳ ಓದನ್ನು ಕೇಳುವಾಗ ನನಗೆ ಎಲ್ಲವೂ ಗೊತ್ತಿತ್ತು. ನಾನು ಕಾಯುತ್ತಿದ್ದುದು ಅವಳ ತಪ್ಪಿಗೆ ಮಾತ್ರ.

ಅಂದಿನಿಂದ ನನ್ನ ಅಳತೆಗೋಲು ಬದಲಾಯಿತು. ಓದಿದ್ದನ್ನು ಮಗು ಮನೆಮಾತಿನಲ್ಲಿ, ಪುಸ್ತಕ ಮುಚ್ಚಿ ಹೇಳಬಲ್ಲುದೇ? ಹೇಳಿದರೆ ಆ ಪುಸ್ತಕ ಅದರದ್ದು. ಅಕ್ಷರವೆಲ್ಲ ಸರಿಯಾಗಿ ಓದಿ, ಹೇಳಲು ಬಾರದಿದ್ದರೆ ಇನ್ನೂ ಚಿಕ್ಕದನ್ನು ಹುಡುಕಬೇಕು.

ಹಾಗಾದರೆ ದೊಡ್ಡ ಕಥೆಗಳನ್ನು ದೂರವಿಡಬೇಕೇ? ಖಂಡಿತ ಬೇಡ. ಮಗು ತಾನೇ ಓದುವ ಪುಸ್ತಕ ಬೇರೆ, ನಾವು ಓದಿ ಹೇಳುವ ಪುಸ್ತಕ ಬೇರೆ, ಎರಡೂ ಮನೆಯಲ್ಲಿರಲಿ. ಪ್ರೇಮ್‌ಚಂದರು 1933ರಲ್ಲಿ ಬರೆದ 'ಈದ್ಗಾ' ಕಥೆಯನ್ನು ನಾನು ಪ್ರತಿ ರಮಝಾನ್‌ನ ಕೊನೆಗೆ ಮಕ್ಕಳಿಗೆ ಹೇಳುತ್ತೇನೆ. ತಂದೆತಾಯಿಯಿಲ್ಲದ ಪುಟ್ಟ ಹಾಮಿದ್, ಕೈಯಲ್ಲಿ ಮೂರೇ ಪೈಸೆ. ಗೆಳೆಯರೆಲ್ಲ ಆಟಿಕೆ, ಮಿಠಾಯಿ ಕೊಂಡರೆ ಅವನು ಅಜ್ಜಿ ಅಮೀನಾಳ ಬೆರಳು ರೊಟ್ಟಿ ಸುಡುವಾಗ ಸುಡದಿರಲೆಂದು ಇಕ್ಕಳ ಕೊಳ್ಳುತ್ತಾನೆ. ಎಂಟು ವರ್ಷದ ಮಗು ಇದನ್ನು ತಾನೇ ಓದಲು ಹೊರಟರೆ ಜಾತ್ರೆಯ ವರ್ಣನೆಯಲ್ಲೇ ದಣಿಯುತ್ತದೆ. ಕೇಳಿದರೆ ಮಾತ್ರ ಕೊನೆಯವರೆಗೂ ಕಣ್ಣು ಮಿಟುಕಿಸುವುದಿಲ್ಲ. ಇನ್ನೊಂದು ಮಾತು. ನನ್ನ ಮಗ ಈ ಕಥೆ ಕೇಳಿ, "ಪುಸ್ತಕದಲ್ಲಿ ನಮ್ಮ ಹಬ್ಬವೂ ಇರುತ್ತದಾ?" ಎಂದ. ಅವನು ಓದಿದ ಪಾಠಗಳಲ್ಲಿ ಕಮಲಾ, ರವಿ ಇದ್ದರು, ಅವರೂ ಅವನ ಗೆಳೆಯರೇ. ಆದರೆ ಹಾಮಿದ್ ಎಂಬ ಹೆಸರನ್ನು ಕಂಡಾಗ ಅವನ ಮುಖದಲ್ಲಿ ಮೂಡಿದ್ದನ್ನು ನಾನು ಮರೆಯಲಾರೆ. ಅಂತಹ ಕಥೆಗಳನ್ನು ಚಿಕ್ಕ ವಾಕ್ಯಗಳಲ್ಲಿ, ದೊಡ್ಡ ಅಕ್ಷರಗಳಲ್ಲಿ ಬರೆಯುವವರು ನಮ್ಮಲ್ಲಿ ಬೇಕಾಗಿದ್ದಾರೆ. ಈ ಪತ್ರಿಕೆ ಓದುವ ಸಹೋದರಿಯರಲ್ಲೇ ಎಷ್ಟೋ ಮಂದಿಗೆ ಅದು ಸಾಧ್ಯ.

ಹಣದ ಮಾತಿಗೆ ಬಂದರೆ, ಎಲ್ಲವನ್ನೂ ಕೊಳ್ಳಬೇಕಾಗಿಲ್ಲ. 2020ರ ನವೆಂಬರ್‌ನಲ್ಲಿ ಸರಕಾರ 'ಓದುವ ಬೆಳಕು' ಎಂಬ ಕಾರ್ಯಕ್ರಮ ಆರಂಭಿಸಿ, 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯತ್ ಗ್ರಂಥಾಲಯಗಳಲ್ಲಿ ಉಚಿತ ಸದಸ್ಯತ್ವ ನೀಡಿತು. ಈಗ ಅವುಗಳಿಗೆ ಅರಿವು ಕೇಂದ್ರ ಎಂಬ ಹೆಸರು. ಹೋಗಿ ನೋಡಿ. ನಮ್ಮ ಹೆಣ್ಣುಮಕ್ಕಳನ್ನೂ ಕರೆದುಕೊಂಡು ಹೋಗಿ, ಅಲ್ಲಿ ಗಂಡಸರು ಪೇಪರ್ ಓದುತ್ತಾರೆಂದು ಹಿಂಜರಿಯಬೇಡಿ. ಮಗು ತಾನೇ ಆರಿಸಲಿ. ಅದು ಡೈನೋಸಾರ್ ಪುಸ್ತಕವನ್ನೇ ನಾಲ್ಕನೇ ಬಾರಿ ತಂದರೂ ಬೈಯಬೇಡಿ. ಓದಿದ್ದನ್ನೇ ಮತ್ತೆ ಓದುವುದರಿಂದ ಓದಿನ ವೇಗ ಬರುತ್ತದೆ, ಇದನ್ನು ಮದ್ರಸದಲ್ಲಿ ಓದಿದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಉಮ್ಮ ತೀರಿಕೊಂಡು ಎರಡು ವರ್ಷವಾಯಿತು. ಅಲ್ಲಾಹನು ಅವರಿಗೆ ಕರುಣೆ ತೋರಲಿ. ಹಿರಿಯ ಮಗಳು ಬಿ.ಕಾಂ. ಮುಗಿಸಿದ್ದಾಳೆ. ಕಳೆದ ತಿಂಗಳು ನನ್ನ ತಮ್ಮನ ಮಗಳಿಗೆ ಉಡುಗೊರೆ ತರಲು ಇಬ್ಬರೂ ಮಂಗಳೂರಿನ ಪುಸ್ತಕದಂಗಡಿಗೆ ಹೋಗಿದ್ದೆವು. ನಾನು ಬೇರೆ ಕಪಾಟಿನ ಬಳಿ ಇದ್ದೆ. ತಿರುಗಿ ನೋಡಿದರೆ ಅವಳು ಒಂದು ತೆಳ್ಳಗಿನ ಪುಸ್ತಕ ಹಿಡಿದು, ನಡುವಿನ ಪುಟ ತೆರೆದು, ತುಟಿಯಲ್ಲೇ ಓದುತ್ತಾ ಬೆರಳು ಮಡಚುತ್ತಿದ್ದಾಳೆ. ಎರಡು ಪುಸ್ತಕ ವಾಪಸಿಟ್ಟಳು. ಮೂರನೆಯದನ್ನು ನನ್ನ ಕೈಗೆ ಕೊಟ್ಟಳು.

ಬಸ್ಸಿನಲ್ಲಿ ಬರುವಾಗ ಕಿಟಕಿಯ ಕಡೆ ನೋಡುತ್ತಾ ಕೇಳಿದಳು: "ಉಮ್ಮ, ಆ ದಪ್ಪ ಪುಸ್ತಕ ಇನ್ನೂ ಇದೆಯಾ?"

"ಇದೆ," ಎಂದೆ. "ಮೇಲಿನ ಕಪಾಟಿನಲ್ಲಿ."

"ತೆಗೆದುಕೊಡು. ಆ ಮಗುಚಿದ ಪುಟದಲ್ಲಿ ಏನಿತ್ತೆಂದು ನನಗೆ ಇವತ್ತಿಗೂ ಗೊತ್ತಿಲ್ಲ."